ಜೂಲಿಯನ್ನನ ಪಾಲಿನ ಅರ್ಧ

"ಬ್ರೌಸರಲ್ಲೇ ಎಲ್ಲಾ ಇದೆ ಆಂಟಿ, ಆ ಹಳೇ ವೀಡಿಯೊ ಕಾಲ್ ಪ್ರೋಗ್ರಾಮ್ ಬಿಟ್ಹಾಕಿ," ಎಂದು ಉಪದೇಶಿಸುತ್ತ ವಿನಿಫ್ರೆಡ್ ಆಂಟಿಯ ಕಂಪ್ಯೂಟರಿನಲ್ಲಿ ನನ್ನದೇ ಖಾತೆ ತೆರೆದು ತೋರಿಸಿದೆ. ಮರುಕ್ಷಣ ಪರದೆಯ ತುಂಬ ನನ್ನ ಹೆಂಡತಿ ಪ್ರಗತಿಯ ಸಂದೇಶ: "ಮತ್ತೆ ಕೆಳಗೆ ಕೇಕ್ ತಿಂತಾ ಕೂತಿದೀರಾ? ನಿಮ್ಮ ಶುಗರ್ ಎಷ್ಟು ಅಂತ ಆಂಟಿಗೆ ನಾನೇ ಹೇಳ್ಲಾ?" ನನ್ನ ಬಾಯಲ್ಲಿ ಎರಡನೇ ತುಂಡಿತ್ತು. ಆಂಟಿ ಕನ್ನಡಕ ಏರಿಸಿ ಓದಿ, ತಟ್ಟೆಯನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡರು.

ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಕಟ್ಟಡದಲ್ಲಿ ಅವರು ನೆಲಮಹಡಿ, ನಾವು ಮೇಲೆ. ಕಿನ್ನಿಗೋಳಿಯಿಂದ ಮದುವೆಯಾಗಿ ಈ ಪರದೇಶಕ್ಕೆ ಬಂದು, ಶಾಲೆಯೊಂದರಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾಗಿ, ಗಂಡ ತೀರಿದ ಮೇಲೆ ಒಬ್ಬರೇ ಇದ್ದವರು. ಮಟಾಟು ಎಂಬ ಇಲ್ಲಿನ ಮಿನಿಬಸ್ಸಿನ ಕಂಡಕ್ಟರನೂ ಬಾಯಿ ಮುಚ್ಚುವಂಥ ದನಿ. ಅದು ಮೆತ್ತಗಾಗುತ್ತಿದ್ದುದು ಸಂಜೆಯ ತೇರ್ಸ್ ಹೊತ್ತಿಗೆ ಮಾತ್ರ. ಜಪಮಾಲೆ ಹಿಡಿದು ಪ್ರಾರ್ಥನೆಯ ಮೊದಲರ್ಧ ಇವರು ಹೇಳುವರು. ಉಳಿದರ್ಧ ಊರಲ್ಲಿ ಹಾಸಿಗೆ ಹಿಡಿದ ತಮ್ಮ ಜೂಲಿಯನ್, ಕಂಪ್ಯೂಟರಿನಲ್ಲಿ. ಲಕ್ವ ಹೊಡೆದು ಅವನ ಕೈ ಏಳುತ್ತಿರಲಿಲ್ಲ. ಹಳೆಯ ಪ್ರೋಗ್ರಾಮು ಅಕ್ಕನ ಕರೆಯನ್ನು ತಾನೇ ಎತ್ತಿಕೊಳ್ಳುತ್ತಿತ್ತು.

ಅದನ್ನು ಆ ವಾರ ಅದರ ಕಂಪನಿಯೇ ನಿಲ್ಲಿಸಲಿತ್ತು. ಬ್ರೌಸರಿನದಕ್ಕೆ ಆ ಬುದ್ಧಿ ಇಲ್ಲ, ಯಾರಾದರೂ ಬಟನ್ ಒತ್ತಲೇಬೇಕು, ಜೂಲಿಯನ್ನನಿಂದ ಅದಾಗದು ಎಂದೆ. ಅವನನ್ನು ನೋಡಿಕೊಳ್ಳುವ ಹೆಂಗಸಿಗೆ ಕಂಪ್ಯೂಟರ್ ಮುಟ್ಟಲು ಹೆದರಿಕೆ.

"ಹಾಗಾದ್ರೆ ಅವನ ಅರ್ಧ ಯಾರು ಹೇಳುದು ಮಾರಾಯ್ರೆ?" ಎಂದರು ಆಂಟಿ.

ಟೆಲಿಕಾಂ ಕಂಪನಿಯ ಸಂಬಳ ತಿನ್ನುವ ನಾನು, "ಏನಾದ್ರೂ ಮಾಡೋಣ," ಎಂದೆ. ಅಂದರೆ, ಏನೂ ಮಾಡಲಿಲ್ಲ.

ಹಳೆಯದು ನಿಂತ ಮರುಸಂಜೆ ಮುಖ ಸಣ್ಣದು ಮಾಡಿಕೊಂಡು ಕೆಳಗಿಳಿದೆ. ಕರೆಂಟ್ ಹೋಗಿತ್ತು. ಆಂಟಿ ಕಪ್ಪು ಪರದೆಯ ಮುಂದೆ ಮೇಣದಬತ್ತಿ ಹಚ್ಚಿ ಕೂತಿದ್ದರು. ಮೊದಲರ್ಧ ಹೇಳಿ ನಿಲ್ಲಿಸಿದರು. ಸಮಾಧಾನ ಹೇಳೋಣವೆಂದು ನಾನು ಬಾಯಿ ತೆರೆದೆ.

ಉಳಿದರ್ಧ ಬಂತು. ಗಂಡುದನಿ, ತೊದಲು, ಪದಗಳ ತುದಿ ಸವೆದಂತೆ. ಆಂಟಿಯ ತುಟಿ ಮುಚ್ಚಿತ್ತು.

ನನ್ನ ವೃತ್ತಿಯ ಮೊದಲ ಪಾಠದಂತೆ ಪ್ಲಗ್ ನೋಡಿದೆ. ಅದು ಗೋಡೆಯಿಂದ ಕಳಚಿ ನೆಲದ ಮೇಲೆ ಬಿದ್ದಿತ್ತು. ಹಿಂದೆ ಸರಿದು, ಕತ್ತಲಲ್ಲಿದ್ದ ದಿವಾನದ ತುದಿಗೆ ಕೂತೆ.

"ಆಂಟಿ... ಕಾಲ್ ಎತ್ತಿದ್ದು ಯಾರು?"

ಅವರು ಒಂದು ಮಣಿ ಸರಿಸಿದರು. "ಅವನಿಗೆ ಬಟನ್ ಒತ್ಲಿಕ್ಕೆ ಆಗುದಿಲ್ಲ ಅಂತ ನೀವೇ ಹೇಳಿದ್ದಲ್ವಾ? ಅದಕ್ಕೆ ಇಲ್ಲಿಗೇ ಬಂದ. ಸ್ವಲ್ಪ ಅತ್ಲಾಗೆ ಕೂತ್ಕೊಳ್ಳಿ, ಅವನ ಕಾಲಿನ ಮೇಲೆ ಕೂತಿದ್ದೀರಿ."