ಮಗ್ಗದ ಕಟ್ಟಿಗೆಯ ಹುಲಿಮನೆ

ಬಡಿಗ ಕಾಕಾನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಉಳಿ ಜಾರಿ ಹೋದದ್ದು ಮತ್ತೆ ಬರಲಿಲ್ಲವಂತೆ. ಆ ಬೋಳು ಬೆರಳನ್ನು ಒಂದು ತುದಿಗೆ ಊರಿ, ಕಿರುಬೆರಳನ್ನು ಚಾಚಿ ಗೇಣು ಹಾಕುತ್ತ ಹೋದರೆ ಅವರಿಗೆ ಟೇಪು ಬೇಕಾಗುತ್ತಿರಲಿಲ್ಲ. ಕಿವಿಯ ಮೇಲೆ ಒಂದು ಮೋಟು ಪೆನ್ಸಿಲು ಸದಾ ಇರುತ್ತಿತ್ತು. ಅದರಿಂದ ಅವರು ಏನಾದರೂ ಬರೆದದ್ದನ್ನು ಮಾತ್ರ ನಾನು ಕಂಡಿಲ್ಲ.

ಇಳಕಲ್ಲಿನ ನಮ್ಮ ಓಣಿಯ ಮಗ್ಗಗಳನ್ನೆಲ್ಲ ಕಟ್ಟಿದವರು ಅವರೇ. ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿರುತ್ತದೆ, ನೇಯುವವನು ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತ ನೇಯುತ್ತಾನೆ. ಕೂಡುವವನ ಮೈಗೆ ತಕ್ಕ ಹಾಗೆ ಕಟ್ಟದಿದ್ದರೆ ಸೊಂಟ ಹೋಯಿತೆಂದೇ ಲೆಕ್ಕ. ಅದಕ್ಕೇ ಕಾಕಾ ಕಟ್ಟಿಗೆಗಿಂತ ಮೊದಲು ಮನುಷ್ಯನನ್ನು ಅಳೆಯುತ್ತಿದ್ದರು. ಓಣಿಯ ಗಂಡಸರ ಕಾಲಿನ ಅಳತೆಯೆಲ್ಲ ಅವರಿಗೆ ಬಾಯಿಪಾಠ. ಅಪ್ಪ ಎದುರಿಗೆ ಬಂದರೆ "ಬಂದ ನೋಡ್ರಿ ಎರಡು ಗೇಣು ನಾಕು ಬಟ್ಟ" ಎಂದು ಚಾಷ್ಟಿ ಮಾಡುವರು; ಬಟ್ಟು ಅಂದರೆ ಒಂದು ಬೆರಳಿನ ಅಗಲ. ಇಬ್ಬರೂ ಹುಡುಗರಾಗಿದ್ದಾಗ ಐಹೊಳೆಯ ಗುಡಿಕಟ್ಟೆಯ ಮೇಲೆ ಯಾವ ಕಾಲದವರೋ ಕೊರೆದಿಟ್ಟ ಗೆರೆಗಳ ಮೇಲೆ ಹುಲಿ-ಕುರಿಯ ಹುಲಿಮನೆ ಆಡಿದವರು. ಅಪ್ಪನದು ಯಾವಾಗಲೂ ಹುಲಿ, ಕಾಕಾನದು ಕುರಿ. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೇ ಬಂದು, ಕೊಡದೊಳಗೆ ತಂಬಿಗೆ ಮುಳುಗಿಸಿ ನೀರು ಕುಡಿಯುವಷ್ಟು ಸಲಿಗೆ.

ಅಪ್ಪನಿಗೆ ಸಕ್ಕರೆ ಕಾಯಿಲೆ ಏರಿತು. ಬಾಗಲಕೋಟೆಯ ದವಾಖಾನೆಯಲ್ಲಿ ಮೊದಲು ಎಡಗಾಲು ತೆಗೆದರು, ಮಳೆಗಾಲ ಮುಗಿಯುವುದರೊಳಗೆ ಬಲಗಾಲೂ ಹೋಯಿತು. ಎರಡೂ ಮೊಣಕಾಲಿನ ಮೇಲಕ್ಕೇ. ಅವ್ವ ತೀರಿಹೋಗಿ ಬಹಳ ಕಾಲವಾಗಿತ್ತು. ಗಂಡನ ಮನೆಯಿಂದ ತಿರುಗಿ ಬಂದು, ಸೀರೆಗಳಿಗೆ ಗೊಂಡೆ ಕಟ್ಟಿಕೊಂಡು ಇದ್ದವಳು ನಾನೊಬ್ಬಳೇ. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಮಾತಿಲ್ಲ, ಊಟವಿಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟರೆ ಉಗುಳುವನು. ಹೀಗೇ ಉಪವಾಸ ಬಿದ್ದರೆ ತಿಂಗಳೊಪ್ಪತ್ತು ಅಷ್ಟೇ ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ಬಾಯಿ ತೆರೆದ. ಮಗ್ಗ ಒಡೆದು ಒಲೆಗೆ ಹಾಕು ಅಂದ. ಅವನ ಬಾಯಿಂದ ಒಂದು ಮಾತಾದರೂ ಬಂತಲ್ಲ ಎಂದು ನಾನು ಕೊಡಲಿ ಕೇಳಲು ಕಾಕಾನ ಅಂಗಡಿಗೆ ಹೋದೆ.

ಕೊಡಲಿ ಕೊಡಲಿಲ್ಲ. "ಒಲಿಗೆ ಹಾಕಾಕ ಕಟ್ಟಿಲ್ಲವ್ವಾ ಅದನ್ನ. ನಾನಽ ಬಿಚ್ಚತೇನಿ," ಅಂದರು.

ಬಿಚ್ಚಿ ಕೈಗಾಡಿಯ ಮೇಲೆ ಒಯ್ದರು. ಮೂರು ವಾರದ ಮೇಲೆ, ಶುಕ್ರವಾರದ ನಮಾಜು ಮುಗಿಸಿ, ಅದೇ ಗಾಡಿಯ ಮೇಲೆ ಒಂದು ಮೇಜು ತಂದರು. ಹುಲಿಮನೆ ಆಡುವ ಮೇಜು. ಕಾಲುಗಳು ನಮ್ಮ ಮಗ್ಗದ ಸಾಗವಾನಿ ಕಂಬಗಳವು. ಮೇಲಿನ ಹಲಗೆ ಅವರ ಅಕ್ಕನ ಮನೆಯ ಬಾಗಿಲು. ಹಳೇ ಬಾಗಲಕೋಟೆ ಅಣೆಕಟ್ಟಿನ ನೀರಿನಡಿಗೆ ಹೋಗುವಾಗ ಕಿತ್ತು ತಂದು, ಇಷ್ಟು ವರ್ಷ ಯಾರಿಗೂ ಕೊಡದೆ ಇಟ್ಟುಕೊಂಡಿದ್ದರು. ಅಗಳಿಯ ತೂತು ಹಾಗೇ ಇತ್ತು. ನೂಲು ಸುತ್ತುವ ಕಂಡಿಕೆ ಕೊಯ್ದು ಕುರಿ ಮಾಡಿದ್ದರು. ಲಾಳಿಯ ತುದಿಯ ಲೋಹದ ಮೂತಿಗಳೇ ಹುಲಿಗಳು. ನೋಡಿ ನನ್ನ ಕಣ್ಣು ತುಂಬಿ ಬಂತು.

ಮಗ್ಗವಿದ್ದ ಜಾಗದಲ್ಲೇ, ಕುಣಿಯ ಮೇಲೆ ಮೇಜು ಕೂಡಿಸಿದರು. ಇಬ್ಬರೂ ಅಪ್ಪನನ್ನು ಎತ್ತಿ ಅಂಚಿಗೆ ಕೂಡಿಸಿದೆವು. ಆಗ ಕಂಡಿತು. ಮೇಜಿನ ಮುಂದೆ ಕಾಲು ಇಳಿಬಿಡಲು ಜಾಗ ಬಿಟ್ಟಿದ್ದರು. ಎರಡು ಗೇಣು ನಾಕು ಬಟ್ಟು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಊರಲು ಏನೂ ಇಲ್ಲದ ಅಪ್ಪ ಮುಂದಕ್ಕೆ ವಾಲಿ ಕುಣಿಯೊಳಗೆ ಬೀಳುವವನಿದ್ದ, ನಾನು ಬಗಲಿಗೆ ಕೈ ಹಾಕಿ ಹಿಡಿದೆ.

"ಕಾಲು ಎಲ್ಲಿ ಇಡ್ಲಿ ಲೇ?" ಎಂದ ಅಪ್ಪ, ಬಹಳ ಮೆಲ್ಲಗೆ.

ನನ್ನ ನಾಲಿಗೆ ಮೊದಲೇ ಹರಿತ; ಅದೇ ಕಾರಣಕ್ಕೆ ಗಂಡನ ಮನೆ ಬಿಟ್ಟವಳು ನಾನು. ಆ ಹೊತ್ತಿಗೆ ಹತೋಟಿ ತಪ್ಪಿತು. "ಕಣ್ಣು ಕಾಣಂಗಿಲ್ಲೇನು ನಿಮಗ? ತಗೊಂಡು ಹೋಗ್ರಿ ನಿಮ್ಮ ಕಟ್ಟಿಗಿ. ಇನ್ನ ನಮ್ಮ ಹೊಸ್ತಿಲಾ ತುಳೀಬ್ಯಾಡ್ರಿ," ಅಂದೆ. ಅವರು ಚಪ್ಪಲಿ ಮೆಟ್ಟುವುದನ್ನೂ ಮರೆತು ಹೋದರು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದರು. ನಾನು ಸರಿದು ಬರ್ರಿ ಅಂದ ಮೇಲೆ ಬಂದು ಅಪ್ಪನ ಹೊರಸಿನ ಮೇಲೆ ಕೂತರು. ಕೌದಿ ಸರಿಸಿದರು. ಗಾಯ ತೊಳೆಯುವ ನಾನೂ ಆ ಮೋಟು ತೊಡೆಗಳನ್ನು ನೆಟ್ಟಗೆ ನೋಡುತ್ತಿರಲಿಲ್ಲ. ಬಂದ ಬಳಗದವರೆಲ್ಲ ಮಾಳಿಗೆಯ ಜಂತಿ ನೋಡುತ್ತ ಮಾತಾಡಿ ಎದ್ದು ಹೋಗುತ್ತಿದ್ದರು. ಕಾಕಾ ಉಗುರಿಲ್ಲದ ಹೆಬ್ಬೆರಳನ್ನು ಸೊಂಟಕ್ಕೆ ಊರಿ ಗೇಣು ಹಾಕಿದರು.

"ಇದು ಒಂದು ಗೇಣು ಎರಡು ಬಟ್ಟ. ಇದು ಬರೇ ಒಂದು ಗೇಣು," ಅಂದರು. "ತಪ್ಪು ನಂದು. ಹಳೇ ಅಳತಿ ಹಿಡಿದಿದ್ದೆ."

ಅಪ್ಪ ಅವರ ಕೈ ಹಿಡಿದುಕೊಂಡು ಅತ್ತ. ಕಾಲು ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು.

ಅವತ್ತೇ ಕುಣಿಗೆ ಹಲಗೆ ಮುಚ್ಚಿದರು. ಮೇಜಿನ ಕಾಲು ಕೊಯ್ದು ಗಿಡ್ಡ ಮಾಡಿದರು. ನೇಯ್ದ ಸೀರೆ ಸುತ್ತುವ ದಿಂಡನ್ನು ತಂದು ಮೇಜಿನ ಅಂಚಿಗೆ, ಸರಿಯಾಗಿ ಅಪ್ಪನ ಎದೆಯ ಮುಂದೆ ಜೋಡಿಸಿದರು. ಇಷ್ಟು ವರ್ಷ ಆ ದಿಂಡಿಗೇ ಎದೆ ತಾಗಿಸಿ ನೇಯ್ದವನು ಅಪ್ಪ. ಅದಕ್ಕೆ ಒರಗಿ ನೆಟ್ಟಗೆ ಕೂತ, ಹುಲಿ ಇಟ್ಟ. ಸಂಜೆಗೆ ಅರ್ಧ ರೊಟ್ಟಿ ತಿಂದು, ಪಲ್ಯಕ್ಕೆ ಉಪ್ಪಿಲ್ಲವೆಂದು ನನ್ನನ್ನು ಬೈದ.

ಆಮೇಲೆ ಒಂದೂವರೆ ವರ್ಷ ಬದುಕಿದ. ಪ್ರತಿ ಶುಕ್ರವಾರ ಕಾಕಾ ಬರುವರು, ಬಾಗಿಲಲ್ಲಿ ನಿಂತು ಕೆಮ್ಮುವರು, ಕರೆದ ಮೇಲೆ ಒಳಗೆ ಬರುವರು. ಕುರಿ ಕದ್ದೆ ನೀ, ಹುಲಿ ಸರಿಸಿದೆ ನೀ ಎಂದು ಇಬ್ಬರ ಜಗಳ ಓಣಿಗೆಲ್ಲ ಕೇಳುತ್ತಿತ್ತು.

ಅಪ್ಪ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಹೋದ. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಪೂಜೆ ಮಾಡಿ, ಕೂತಂತೆಯೇ ಮಣ್ಣು ಮಾಡುತ್ತಾರೆ. ಅಪ್ಪ ಕೂಡಲಿಲ್ಲ. ಪದ್ಮಾಸನ ಹಾಕಲು ಕಾಲೇ ಇಲ್ಲವಲ್ಲ. ಗೋಡೆಗೆ ಆನಿಸಿದರೆ ಮುಂದಕ್ಕೆ ಬೀಳುವನು, ಹಗ್ಗ ಬಿಗಿದರೆ ಪಕ್ಕಕ್ಕೆ. ಇನ್ನು ಮಲಗಿಸಿಯೇ ಒಯ್ಯೋಣ ಎಂದರು ಹಿರಿಯರು. ನನಗೆ ಎದೆ ಒಡೆದ ಹಾಗಾಯಿತು. ಬದುಕಿದ್ದಾಗಲೂ ಒಮ್ಮೆ ಮಲಗಿಸಿಬಿಟ್ಟಿದ್ದೆವು, ಈಗಲೂ ಅದೇ ಆಯಿತಲ್ಲ ಎಂದು ಅತ್ತೆ.

ಕಾಕಾ ಎದ್ದು ಮೇಜಿನಿಂದ ದಿಂಡು ಬಿಚ್ಚಿದರು. "ಕೂತು ನೇದಾವ ಅವ. ಕೂತಽ ಹೋಗ್ಲಿ," ಅಂದರು. ಎದೆಯ ಮುಂದೆ ದಿಂಡು ಕೊಟ್ಟು ಕೂಡಿಸಿದರು, ಅಪ್ಪ ಕದಲಲಿಲ್ಲ. ರುದ್ರಭೂಮಿಗೂ ಹೋಗಿ, ಕುಣಿಯ ಗೋಡೆಯಲ್ಲಿ ಹೆಣ ಕೂಡಿಸುವ ಗೂಡು ಇಷ್ಟೇ ಅಗಲ ಇರಲಿ, ದಿಂಡಿನ ತುದಿಗಳಿಗೆ ಎರಡೂ ಕಡೆ ಆಸರೆ ಬೇಕು ಎಂದು ಮೇಲೆ ನಿಂತು ಗೇಣು ಹಾಕಿ ತೋರಿಸಿದರಂತೆ. ದಿಂಡು ಅಪ್ಪನ ಜೊತೆಗೇ ಮಣ್ಣಿಗೆ ಹೋಯಿತು.

ಅದಾದ ಮೇಲೂ ಶುಕ್ರವಾರ ಬರುತ್ತಿದ್ದರು, ಮೇಜಿನ ಮುಂದೆ ಕೂತು ಚಹಾ ಕುಡಿದು ಹೋಗುತ್ತಿದ್ದರು. ಈಗ ಆರು ತಿಂಗಳ ಕೆಳಗೆ ಒಂದು ಶುಕ್ರವಾರ ಬರಲಿಲ್ಲ. ಉಸಿರಾಟದ ತೊಂದರೆ ಬಹಳ ದಿನದಿಂದ ಇತ್ತಂತೆ, ನಮಗೆ ಹೇಳಿರಲಿಲ್ಲ. ಅವರ ಮಣ್ಣು ಮುಗಿದ ಮೇಲೆ ನಾನು ಅವರ ಮನೆಗೆ ಹೋಗಿ ಕಾಕಿಯ ಮುಂದೆ ಕೂತೆ. ಕಾಕಿ ನನ್ನ ಕೈ ಹಿಡಿದುಕೊಂಡು ಹೇಳಿದಳು. ಮಳೆಯಿದ್ದರೂ ನಮ್ಮ ಬಾಗಿಲಲ್ಲಿ ನಿಂತು ತೊಯ್ದು ಬರುತ್ತಿದ್ದರಂತೆ. ಸೀದಾ ಒಳಗೆ ಹೋಗಬಾರದೇ ಎಂದು ಇವಳು ಬೈದರೆ, "ಆಕಿ ತುಳೀಬ್ಯಾಡ ಅಂದಾಳ, ಕರದರಽ ಹೋಗಬೇಕು" ಅನ್ನುತ್ತಿದ್ದರಂತೆ.

ಮೇಜು ಇವತ್ತಿಗೂ ಅಲ್ಲೇ ಇದೆ. ಸಿಟ್ಟಿನಲ್ಲಿ ಆಡಿದ ಆ ಮಾತನ್ನು ನಾನು ಮರುದಿನವೇ ಮರೆತಿದ್ದೆ. ಅವರು ಸಾಯುವ ತನಕ ಪಾಲಿಸಿದರು.