ಕಿಲಾರಿಯ ಬಾಯಿಗೆ ಕೊಳವೆ

ನಮ್ಮಣ್ಣ ಸೂರಪ್ಪ, ಗುಡಿಯ ದೇವರ ಎತ್ತುಗಳನ್ನು ಕಾಯುವ ಕಿಲಾರಿ. ಹರೆಯದಿಂದಲೂ ಮೊಳಕಾಲ್ಮುರು ಕಡೆಯ ಕಾವಲಿನ ಹುಲ್ಲುಬಯಲಲ್ಲಿ ಚಪ್ಪಲಿ ಮೆಟ್ಟದೆ ಅವುಗಳ ಹಿಂದೆ ನಡೆದವನು. ತಾನೇ ಬೇಯಿಸಿದ ಮುದ್ದೆ, ತಾನೇ ಸೇದಿದ ನೀರು. ಪರರ ಎಂಜಲು ಬಾಯಿಗೆ ತಾಗಿದರೆ ಕಿಲಾರಿತನ ಹೋಯಿತು ಎಂದೇ ನಂಬಿದ್ದ. ತಳಕಿನಲ್ಲಿರುವ ನನ್ನ ಮನೆಗೆ ಬಂದರೂ ಜಗಲಿಯಲ್ಲಿ ಕೂತು ಎದ್ದು ಹೋಗುವನು. ಹೆಂಡತಿ ಮಕ್ಕಳಿಲ್ಲ, ಎತ್ತುಗಳೇ ಸಂಸಾರ. ಹಟದಲ್ಲಿ ಅವನೂ ಒಂದು ಹೋರಿಯೇ!

ದೀಪಾವಳಿ ಹೊತ್ತಿಗೆ ಅವನ ಕಣ್ಣು ಹಳದಿಯಾದವು, ಮೈಯೆಲ್ಲ ತುರಿಕೆ. ಚಳ್ಳಕೆರೆಯಲ್ಲಿ ಸ್ಕ್ಯಾನ್ ಮಾಡಿದವರು ದಾವಣಗೆರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದರು: ಮೇದೋಜೀರಕದಲ್ಲಿ ಗಂಟಿರುವ ಅನುಮಾನ. ಅದು ಜಠರದ ಹಿಂದೆ ಅಡಗಿರುತ್ತದೆ. ತುದಿಯಲ್ಲಿ ಸ್ಕ್ಯಾನ್ ಇರುವ ಕೊಳವೆಯನ್ನು ಬಾಯಿಯಿಂದ ಇಳಿಸಿ ಹತ್ತಿರದಿಂದ ನೋಡಬೇಕು, ಸೂಜಿಯಲ್ಲಿ ಚೂರು ತೆಗೆಯಬೇಕು. ಸಣ್ಣದಿದ್ದರೆ ಕೊಯ್ದು ಉಳಿಸಬಹುದು.

"ಆ ಕೊಳವೆ ಬ್ಯಾರೆಯವರ ಬಾಯಿಗೂ ಹಾಕಿದ್ದೇನವ್ವಾ?" ಎಂದು ಅಣ್ಣ ನರ್ಸಮ್ಮನನ್ನು ಕೇಳಿದ.

"ಹೂಂ ಅಜ್ಜ. ಔಷಧಿಯಲ್ಲಿ ಚೆನ್ನಾಗಿ ತೊಳೆದಿರ್ತೀವಿ."

ಅಷ್ಟೇ. ಎದ್ದು ಹೊರಗೆ ನಡೆದುಬಿಟ್ಟ.

"ನಿನ್ನ ಮಡಿಗಿಷ್ಟು ಬೆಂಕಿ ಹಾಕ! ಸಾಯ್ತೀಯಾ?" ಎಂದು ಬಸ್ ಸ್ಟ್ಯಾಂಡಿನಲ್ಲೇ ಕೂಗಾಡಿದೆ.

"ಎಂಜಲಾದ್ರೆ ಎತ್ತು ಬ್ಯಾರೆಯವ್ರಿಗೆ ಒಪ್ಪಿಸ್ತಾರೆ ಜಗದಾಂಬ. ಅವನ್ನ ಬಿಟ್ಟು ಬದುಕಿ ಏನ್ಮಾಡ್ಲಿ? ಊರಾಗೆ ಯಾರಿಗೂ ಹೇಳಬ್ಯಾಡ, ನನ್ನಾಣೆ ಐತೆ."

ಆಣೆ ಹಾಕಿ ನನ್ನ ಬಾಯಿ ಕಟ್ಟಿದ. ಸಂಕ್ರಾಂತಿಗೆ ಹೋಗಿ ನೋಡಿದರೆ ಅಂಗಿಯೊಳಗೆ ಬರೀ ಎಲುಬು, ಎತ್ತಿನ ಹಿಂದೆ ನಾಲ್ಕು ಹೆಜ್ಜೆ ಇಡಲಾರ. ಆಣೆ ಹಾಳಾಗಿ ಹೋಗಲಿ ಎಂದು ಗುಡಿಯ ಯಜಮಾನ ಯರ್ರಪ್ಪನವರ ಕಾಲಿಗೆ ಬಿದ್ದೆ.

"ಥೂ, ಹುಚ್ಚು ನನ್ಮಗ! ಪ್ರಾಣ ಹೋಗೋವಾಗ ಎಂಥ ಎಂಜಲು? ಹೋಗಿ ಬರ್ಲಿ, ಶುದ್ಧ ಮಾಡಿದ್ರಾಯ್ತು. ಎತ್ತು ಅವನವೇ," ಎಂದರು.

ಯಜಮಾನರ ಮಾತಿಗೆ ಅಣ್ಣ ಒಪ್ಪಿದ. ದಾವಣಗೆರೆಯಲ್ಲಿ ಕೊಳವೆ ಇಳಿಸಿದರು. ಡಾಕ್ಟರು ನನಗೆ ಪರದೆಯಲ್ಲಿ ತೋರಿಸಿದರು. ಬೂದು ಬಣ್ಣದ ನಡುವೆ ಕಪ್ಪು ಗಂಟು, ದೊಡ್ಡ ರಕ್ತನಾಳವನ್ನೇ ಸುತ್ತಿಕೊಂಡಿತ್ತು. ಸೂಜಿಯಲ್ಲಿ ಬಂದ ಚೂರು ಕ್ಯಾನ್ಸರ್. ಇನ್ನು ಕೊಯ್ಯಲಾಗದು ಎಂದರು. "ಆಗಲೇ ಬಂದಿದ್ದರೆ..." ಎಂದು ಮಾತು ನಿಲ್ಲಿಸಿದರು. ಹಳದಿ ಇಳಿಯಲೆಂದು ಒಳಗೊಂದು ಸಣ್ಣ ನಳಿಕೆ ಕೂರಿಸಿ ಮನೆಗೆ ಕಳಿಸಿದರು.

ಊರಿಗೆ ಬಂದ ದಿನ ಯರ್ರಪ್ಪನವರು ಅಣ್ಣನ ಮೇಲೆ ಗಂಜಲ ಚಿಮುಕಿಸಿ, ಹಣೆಗೆ ವಿಭೂತಿ ಹಚ್ಚಿ, ಕಿಲಾರಿಯ ಕೋಲನ್ನು ಮತ್ತೆ ಕೈಗೆ ಕೊಟ್ಟರು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

ಅಣ್ಣ ಆ ಕೋಲನ್ನೇ ನೋಡುತ್ತ ನಿಂತ.

"ಇಷ್ಟೇನಾ ಯಜಮಾನ್ರೇ?"

"ಇಷ್ಟೇ ಕಣೋ," ಎಂದು ಯರ್ರಪ್ಪನವರು ಮುಖ ತಿರುಗಿಸಿಕೊಂಡರು.