ಆರು ಪೆಟ್ಟಿಗೆಗಳ ಬಾಗಿಲು ಮುಚ್ಚಿದ್ದು ನಾನೇ

ಇಂದು ಬೆಳಗ್ಗೆ ಎದ್ದು ಅಂಗಳ ಗುಡಿಸಿದೆ. ಹಸು ಕರೆದು ಹಾಲನ್ನು ಡೈರಿಗೆ ಹಾಕಿ ಬಂದೆ. ಜೇನುಪೆಟ್ಟಿಗೆಗಳ ಕಾಲಡಿಯ ಬಟ್ಟಲುಗಳಿಗೆ, ಇರುವೆ ಹತ್ತದಂತೆ, ನೀರು ತುಂಬಿದೆ. ಮೂರನೇ ಪೆಟ್ಟಿಗೆಯ ತಳಹಲಗೆಯಲ್ಲಿ ಮೇಣದ ಹುಳು ಕಂಡಿತು. ಕೆರೆದು ಒಲೆಗೆ ಹಾಕಿದೆ. ಮಳೆಗಾಲದಲ್ಲಿ ಹೂವು ಕಡಿಮೆಯೆಂದು ಸಕ್ಕರೆ ಪಾಕ ಕಾಯಿಸಿ ಆರಲು ಇಟ್ಟೆ. ಹತ್ತೂವರೆಗೆ ಡೈರಿ ಪಕ್ಕದ ಕೊಠಡಿಯಲ್ಲಿ ಹದಿನಾಲ್ಕು ಹೆಂಗಸರಿಗೆ ಜೇನು ಸಾಕುವ ಪಾಠ ಶುರು ಮಾಡಿದೆ. ಪಾಠದ ನಡುವೆ, ಹನ್ನೊಂದು ವರ್ಷದಿಂದ ಹೇಳಿಕೊಂಡು ಬಂದ ಸುಳ್ಳೊಂದನ್ನು ಸುಳ್ಳು ಎಂದು ಹೇಳಿದೆ.

ಸುಳ್ಳು ಇದು: ನನ್ನ ಆರು ಪೆಟ್ಟಿಗೆ ಜೇನನ್ನು ಪಕ್ಕದ ತೋಟದ ಚಾಂದ್ ಪಾಷಾ ಅವರು ಔಷಧಿ ಹೊಡೆದು ಕೊಂದರು, ಹೊಡೆಯುವ ಮುಂಚೆ ಒಂದು ಮಾತೂ ಹೇಳಲಿಲ್ಲ. ನಿಜ ಇದು: ಅವರು ಹೇಳಿದ್ದರು. ಕೊಂದದ್ದು ನಾನು.

ಅನುಗೊಂಡನಹಳ್ಳಿಯ ಸುತ್ತಮುತ್ತ ಯಾರ ಹಿತ್ತಲಲ್ಲಿ ಜೇನುಪೆಟ್ಟಿಗೆ ಇದೆಯೋ ಅವರಲ್ಲಿ ಬಹಳ ಮಂದಿ ನನ್ನ ಹತ್ತಿರ ಕಲಿತವರು. ನಿಮಗೆಲ್ಲ ಈ ಕಥೆ ಗೊತ್ತು. ಮೊದಲ ದಿನದ ಮೊದಲ ಮಾತೇ ಅದು — ‘ಅಕ್ಕಪಕ್ಕದ ತೋಟದವರ ಸ್ನೇಹ ಇಟ್ಟುಕೊಳ್ಳಿ, ಔಷಧಿ ಹೊಡೆಯುವ ಹಿಂದಿನ ದಿನವೇ ಹೇಳಿಸಿಕೊಳ್ಳಿ; ನನಗೆ ಹೇಳಲಿಲ್ಲ, ನೋಡಿ ಏನಾಯಿತು.’ ನೀವು ಬರೆದುಕೊಂಡಿರಿ. ಕೆಲವರು ಅಯ್ಯೋ ಪಾಪ ಎಂದಿರಿ. ಆ ಪಾಪವನ್ನೂ ನಾನು ತೆಗೆದುಕೊಂಡೆ, ಬೇಡ ಎನ್ನಲಿಲ್ಲ.

ಇದನ್ನು ಬರೆಯಬೇಡ ಎಂದವರಿದ್ದಾರೆ. ನಮ್ಮ ಯಜಮಾನರೇ ಮೊದಲು. ‘ಹನ್ನೊಂದು ವರ್ಷ ಆಯ್ತು ಕಣೆ ಜಯಾ. ಆ ಹುಳಾನೂ ಇಲ್ಲ, ಆ ತೋಟಾನೂ ಇಲ್ಲ. ಈಗ ಯಾರು ಕೇಳ್ತಾವ್ರೆ ನಿನ್ನ?’ ಎಂದರು. ಯಾರೂ ಕೇಳುತ್ತಿಲ್ಲ. ಯಾರಾದರೂ ಕೇಳುವವರೆಗೆ ಕಾಯುತ್ತೇನೆ ಎಂದುಕೊಂಡೇ ಇಷ್ಟು ವರ್ಷ ಹೋದದ್ದು.

ಪಾಷಾ ಸಾಬ್ರು ನಮ್ಮ ಮೈದುನ ಮುನಿರಾಜುವಿನ ಜಮೀನನ್ನು ಗುತ್ತಿಗೆಗೆ ಹಿಡಿದು ಗುಲಾಬಿ ಬೆಳೆಯುತ್ತಿದ್ದರು. ಬೆಳಕು ಹರಿಯುವ ಮುಂಚೆ ಹೊಸಕೋಟೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಬೇಲಿಯ ಈಚೆ, ಹೊಂಗೆ ಮರದಡಿ, ನನ್ನ ಪೆಟ್ಟಿಗೆಗಳು. ಔಷಧಿ ಹೊಡೆಯುವ ಹಿಂದಿನ ಸಂಜೆ ಬೇಲಿ ಹತ್ತಿರ ನಿಂತು ಎರಡು ಸಲ ಕೆಮ್ಮುವರು — ಹೆಂಗಸು ಒಬ್ಬಳೇ ಓಡಾಡುವ ಹಿತ್ತಲು ಎಂಬ ಮರ್ಯಾದೆ ಅದು. ಆಮೇಲೆ ಹೇಳುವರು. ಒಂದು ಸಲವೂ ತಪ್ಪಿಸಿದ್ದಿಲ್ಲ. ಆ ಸಂಜೆಯೂ ಹೇಳಿದರು:

‘ಅಕ್ಕಾ, ನಾಳೆ ಬೆಳಗ್ಗೆ ಔಷಧಿ ಹೊಡೀತೀನಿ. ಹುಳಾನ ಒಳಗೆ ಹಾಕ್ಕೊಂಬಿಡಿ. ಹತ್ತೂವರೆ ಹೊತ್ಗೆ ಒಣಗಿರ್ತದೆ, ತೆಗೀಬೋದು.’

‘ಆಯ್ತು ಸಾಬ್ರೇ’ ಎಂದೆ. ಅಂದರೆ ಕೇಳಿಸಿಕೊಂಡೆ, ಉತ್ತರವನ್ನೂ ಕೊಟ್ಟೆ.

ಹೊಸಬರು ಇಲ್ಲಿ ಪೆನ್ನು ಹಿಡಿಯಿರಿ. ಇಷ್ಟು ವರ್ಷ ನಾನು ಹೇಳಿಕೊಡದ ಪಾಠ ಇದು. ಪೆಟ್ಟಿಗೆಯ ಬಾಗಿಲನ್ನು ಕತ್ತಲಾದ ಮೇಲೆಯೇ ಮುಚ್ಚಬೇಕು, ಹೊರಗೆ ಹೋದ ಹುಳವೆಲ್ಲ ಒಳಗೆ ಸೇರಿದ ಮೇಲೆ. ಮುಚ್ಚುವುದಕ್ಕೆ ಸಣ್ಣ ಕಣ್ಣಿನ ತಂತಿಬಲೆಯೇ ಆಗಬೇಕು, ಗಾಳಿ ಆಡಬೇಕು. ಮುಚ್ಚಳದ ಮೇಲೆ ಒದ್ದೆ ಗೋಣಿಚೀಲ ಹಾಕಿ, ಒಣಗಿದಂತೆ ಮತ್ತೆ ನೀರು ಚಿಮುಕಿಸಬೇಕು. ಒಳಗಿನ ಬಿಸಿಯನ್ನು ಜೇನುಹುಳ ರೆಕ್ಕೆ ಬೀಸಿ ಬಾಗಿಲಿನಿಂದ ಹೊರಗೆ ದೂಡುತ್ತದೆ. ಬಾಗಿಲಲ್ಲಿ ಗಾಳಿಯೇ ಆಡದಿದ್ದರೆ ಬೀಸಿದಷ್ಟೂ ಕಾವು ಹೆಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯ — ಬಾಗಿಲು ತೆಗೆಯುವವರು ಯಾರು ಎಂಬುದು ಮುಚ್ಚುವ ಮುಂಚೆಯೇ ಗೊತ್ತಾಗಿರಬೇಕು.

ನಾನು ಹಳೇ ಸೀರೆಯ ಚೂರುಗಳನ್ನು ಸುರುಳಿ ಮಾಡಿ ಬಾಗಿಲುಗಳಿಗೆ ತುರುಕಿದೆ. ತಂತಿಬಲೆ ತರಬೇಕೆಂದು ತರಬೇತಿಯಲ್ಲಿ ಹೇಳಿದ್ದರು, ತಂದಿರಲಿಲ್ಲ. ನಮ್ಮಕ್ಕ ದೇವನಹಳ್ಳಿಯಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶವಿತ್ತು. ರಾತ್ರಿಯ ಬಸ್ಸಿಗೆ ನಾನೂ ನಮ್ಮ ಯಜಮಾನರೂ ಹೊರಟೆವು. ಪೂಜೆ ಮುಗಿದ ಕೂಡಲೇ ಮೊದಲ ಬಸ್ಸು ಹಿಡಿದರೆ ಹತ್ತು ಗಂಟೆಗೆ ಮನೆ — ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹೊಸ ಮನೆಯ ಪಡಸಾಲೆಯಲ್ಲಿ ಅಕ್ಕ ಎಲ್ಲರಿಗೂ ‘ಇವಳೇ ನೋಡಿ ನಮ್ಮ ಜೇನು ಜಯ’ ಎಂದು ಪರಿಚಯ ಮಾಡಿಸುತ್ತಿದ್ದಳು. ನಾನು ಸಾಕಿದ್ದು ಹೇಗೆ, ಕಚ್ಚುವುದಿಲ್ಲವೇ, ರಾಣಿ ಎಷ್ಟು ದೊಡ್ಡದಿರುತ್ತದೆ — ಜನ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಊಟಕ್ಕೆ ಕೂತೆ. ಮರೆತೆ ಎಂದು ಬರೆದರೆ ಸುಲಭ. ಮರೆತಿರಲಿಲ್ಲ. ಹೋಳಿಗೆ ಬಡಿಸುವಾಗ ನೆನಪಾಯಿತು. ಇನ್ನೊಂದು ಗಂಟೆಯಲ್ಲಿ ಏನಾಗುತ್ತದೆ ಎಂದುಕೊಂಡೆ. ಪಾಷಾ ಸಾಬ್ರ ನಂಬರು ನನ್ನ ಫೋನಿನಲ್ಲಿತ್ತು. ‘ಸ್ವಲ್ಪ ಬಟ್ಟೆ ತೆಗೆದುಬಿಡಿ ಸಾಬ್ರೇ’ ಎಂದಿದ್ದರೆ ಸಾಕಿತ್ತು. ನನ್ನ ಪೆಟ್ಟಿಗೆಯನ್ನು ಬೇರೆಯವರು ಮುಟ್ಟುವುದು ನನಗೆ ಹಿಡಿಸುತ್ತಿರಲಿಲ್ಲ. ಅಷ್ಟಕ್ಕೇ ಫೋನ್ ಮಾಡಲಿಲ್ಲ.

ಮನೆ ಸೇರಿದಾಗ ನಾಲ್ಕು ಗಂಟೆ. ಅದು ಏಪ್ರಿಲ್ ಬಿಸಿಲು. ಹೊಂಗೆಯ ನೆರಳು ಮಧ್ಯಾಹ್ನವೇ ಆಚೆ ಸರಿದುಹೋಗಿತ್ತು. ಪೆಟ್ಟಿಗೆಗಳ ಕೆಳಗಿನಿಂದ ಜೇನು ಸೋರುತ್ತಿತ್ತು. ಮೊದಲನೆಯದರ ಮುಚ್ಚಳ ತೆಗೆದೆ — ಮೇಣ ಕರಗಿ, ಜೇನು ತುಂಬಿದ ಎರಿಗಳು ಕಳಚಿ ಒಂದರ ಮೇಲೊಂದು ಬಿದ್ದಿದ್ದವು. ಬಾಗಿಲ ಒಳಬದಿಯಲ್ಲಿ, ಬಟ್ಟೆಯ ಸುರುಳಿಗೆ ಒತ್ತಿಕೊಂಡು, ಹುಳಗಳ ರಾಶಿ. ಎಲ್ಲವೂ ಒದ್ದೆ, ತಮ್ಮದೇ ಜೇನಿನಲ್ಲಿ ಅದ್ದಿ ತೆಗೆದ ಹಾಗೆ. ಆರಕ್ಕೆ ಆರೂ ಹಾಗೇ ಇದ್ದವು.

ಇಲ್ಲಿಯವರೆಗಿನದು ತಪ್ಪು. ಜೇನು ಸಾಕುವವರಲ್ಲಿ ಇಂಥದ್ದು ನಡೆಯುತ್ತದೆ. ಇದರ ಮುಂದಿನದನ್ನು ತಪ್ಪು ಎನ್ನಲು ನಾನು ತಯಾರಿಲ್ಲ. ಅದನ್ನು ಯೋಚಿಸಿ ಮಾಡಿದೆ.

ಔಷಧಿಗೆ ಸತ್ತ ಹುಳ ಹೊರಗೆ ಬೀಳುತ್ತದೆ — ಬಾಗಿಲ ಮುಂದಿನ ನೆಲದಲ್ಲಿ, ನಾಲಿಗೆ ಚಾಚಿಕೊಂಡು, ಒಣಗಿರುತ್ತದೆ. ಉಸಿರುಕಟ್ಟಿ ಸತ್ತದ್ದು ಒಳಗೆ ಗುಡ್ಡೆಯಾಗಿ, ಒದ್ದೆಯಾಗಿ ಇರುತ್ತದೆ. ಇದನ್ನೂ ಬರೆದುಕೊಳ್ಳಿ, ಇದನ್ನೂ ನಾನು ಯಾವತ್ತೂ ಕಲಿಸಲಿಲ್ಲ. ಕಲಿಸಿದ್ದರೆ ಯಾರಾದರೂ ಒಬ್ಬರು ‘ಅಕ್ಕಾ, ನಿಮ್ಮವು ಎಲ್ಲಿ ಬಿದ್ದಿದ್ದವು?’ ಎಂದು ಕೇಳುತ್ತಿದ್ದರು. ನಮ್ಮ ಯಜಮಾನರು ಒಳಗೆ ಬಟ್ಟೆ ಬದಲಿಸುತ್ತಿದ್ದಾಗ ನಾನು ಸೀರೆಯ ಚೂರುಗಳನ್ನು ಕಿತ್ತು ಒಲೆಗೆ ಹಾಕಿದೆ. ಸತ್ತ ಹುಳಗಳನ್ನು ಮೊರದಲ್ಲಿ ತುಂಬಿ ತಂದು ಬಾಗಿಲುಗಳ ಮುಂದೆ ಹರಡಿದೆ. ಒದ್ದೆ ಕಾಣದಿರಲಿ ಎಂದು ಮೇಲೆ ಒಂದು ಹಿಡಿ ಒಣ ಮಣ್ಣು ಉದುರಿಸಿದೆ. ಆಮೇಲೆ ಕೂಗಿಕೊಂಡೆ.

ಜನ ಸೇರಿದರು. ಮುನಿರಾಜು ಬಂದ. ಬೇಲಿಯ ಆಚೆ ಪಾಷಾ ಸಾಬ್ರು ಹೂವಿನ ಬುಟ್ಟಿ ಕೆಳಗಿಟ್ಟು ನಿಂತರು.

‘ಅತ್ತಿಗೆ, ಔಷಧಿ ಹೊಡೀತೀನಿ ಅಂತ ಹೇಳಿದ್ನಾ ಇವನು?’ ಎಂದ ಮುನಿರಾಜು.

‘ಇಲ್ಲ. ಹೇಳ್ಲಿಲ್ಲ.’

ಅಷ್ಟೇ ಮಾತು. ಪಾಷಾ ಸಾಬ್ರು ‘ಅಕ್ಕಾ, ನಿನ್ನೆ ಸಂಜೆ ನಾನು...’ ಎಂದರು. ಮುನಿರಾಜು ಅವರ ಮಾತು ಮುಗಿಯಲು ಬಿಡಲಿಲ್ಲ. ‘ಹಂಗಾದ್ರೆ ನಮ್ಮತ್ತಿಗೆ ಸುಳ್ಳು ಹೇಳ್ತಾವ್ರಾ?’ ಎಂದ. ಪಾಷಾ ಸಾಬ್ರು ನನ್ನ ಕಡೆ ನೋಡಿದರು. ನಾನು ಹುಳಗಳ ಕಡೆ ನೋಡಿದೆ.

ನಾನು ಊರ ಮನೆಯ ಸೊಸೆ. ಅವರು ಪೇಟೆಯಿಂದ ಬಂದ ಗುತ್ತಿಗೆದಾರರು, ಸಾಬರು. ಯಾರ ಮಾತು ನಿಲ್ಲುತ್ತದೆ ಎಂಬುದು ಬಾಯಿ ತೆರೆಯುವ ಮುಂಚೆಯೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ. ಆ ಯುಗಾದಿಗೇ ಗುತ್ತಿಗೆ ಮುಂದುವರಿಸಬೇಕೋ ಬೇಡವೋ ಎಂದು ನೋಡುತ್ತಿದ್ದ ಮುನಿರಾಜುವಿಗೆ ಜಮೀನನ್ನು ಸೈಟು ಮಾಡುವ ಆಸೆಯಿತ್ತು. ನನ್ನ ಮಾತು ಅವನಿಗೆ ನೆಪವಾಯಿತು. ಅವನ ಆಸೆಯ ಹಿಂದೆ ನಾನು ಅಡಗಿಕೊಳ್ಳುವುದಿಲ್ಲ. ನೆಪ ಕೊಟ್ಟವಳು ನಾನು. ತಿಂಗಳೊಳಗೆ ಗುಲಾಬಿ ಗಿಡಗಳನ್ನು ಬೇರುಸಹಿತ ಕಿತ್ತು ಹಾಕಿದರು. ‘ಹೇಳದೆ ಔಷಧಿ ಹೊಡೆಯುವವನು’ ಎಂದು ಹೆಸರಾದ ಮೇಲೆ ಸುತ್ತಮುತ್ತ ಬೇರೆ ಯಾರೂ ಅವರಿಗೆ ತೋಟ ಕೊಡಲಿಲ್ಲ.

ಕಳೆದ ಬೇಸಿಗೆಯಲ್ಲಿ ನಲ್ಲೂರಿನ ರೂಪಾ ಫೋನ್ ಮಾಡಿದಳು, ನನ್ನ ಹತ್ತಿರವೇ ಕಲಿತ ಹುಡುಗಿ. ‘ಅಕ್ಕಾ, ಬಾಗ್ಲಿಗೆ ಬಟ್ಟೆ ತುರುಕಿ ಮುಚ್ಚಿದ್ದೆ, ಆದ್ರೂ ಪಕ್ಕದೋರ ಔಷಧಿಗೆ ಎಲ್ಲಾ ಸತ್ತೋದ್ವು. ನಿಮಗಾದಂಗೇ ಆಯ್ತು ನೋಡಿ. ಹೋಗಿ ಬಾಯಿಗೆ ಬಂದಂಗೆ ಬೈದ್ಬಿಟ್ಟು ಬಂದೆ’ ಎಂದಳು.

‘ಒಳಗೆ ಬಿದ್ದಿದ್ವಾ, ಹೊರಗಾ?’ ಎಂದು ಕೇಳಿದೆ.

‘ಒಳಗೇ ಅಕ್ಕಾ. ಜೇನಲ್ಲಿ ಅದ್ದಿದಂಗೆ.’

ನನಗಾದ ಹಾಗೇ ಆಗಿತ್ತು, ನಿಜ. ನಾನು ಬಚ್ಚಿಟ್ಟ ಪಾಠಕ್ಕೆ ಅವಳ ಹುಳ ಸತ್ತವು, ಅವಳ ಪಕ್ಕದ ತೋಟದವರು ಬೈಸಿಕೊಂಡರು. ಒಂದು ಸುಳ್ಳನ್ನು ನನ್ನಲ್ಲೇ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ — ಅದು ಜೇನುಹುಳದ ಹಾಗೆ ಪಾಲಾಗಿ ಹಾರಿ ನಲ್ಲೂರಿನಲ್ಲೂ ಗೂಡು ಕಟ್ಟಿತ್ತು.

ಪಾಷಾ ಸಾಬ್ರು ಈಗ ದೇವನಹಳ್ಳಿ ಹತ್ತಿರದ ಹೋಟೆಲೊಂದರಲ್ಲಿ ತೋಟದ ಕೆಲಸ ಮಾಡುತ್ತಾರೆ. ಹೋದ ವಾರ ಹುಡುಕಿಕೊಂಡು ಹೋದೆ. ಎದೆಯ ಮೇಲೆ ಹೋಟೆಲಿನ ಹೆಸರಿರುವ ಹಸಿರು ಅಂಗಿ ಹಾಕಿಕೊಂಡು ಬೇಲಿಗಿಡ ಕತ್ತರಿಸುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಮೊರದ ವಿಷಯವನ್ನೂ, ಮಣ್ಣಿನ ವಿಷಯವನ್ನೂ. ಕತ್ತರಿ ನಿಲ್ಲಿಸದೆ ಕೇಳಿಸಿಕೊಂಡರು.

‘ಹನ್ನೆರಡು ಗಂಟೇಲಿ ನೋಡ್ದೆ ಅಕ್ಕಾ. ಬಟ್ಟೆ ಹಂಗೇ ಇತ್ತು. ಒಳಗೆ ಗುಂಯ್ ಅಂತಾ ಇದ್ವು. ಬೇಲಿ ಹಾರಿ ತೆಗ್ದುಬಿಡ್ಲಾ ಅನ್ನಿಸ್ತು. ಯಾರೂ ಇಲ್ದಾಗ ನಿಮ್ಮ ಹಿತ್ಲಿಗೆ ಬಂದ್ರೆ ಆಮೇಲೆ ಏನಂತಾರೋ ಅಂತ ಸುಮ್ಮನಾದೆ.’

‘ಗೊತ್ತಿದ್ರೂ ಯಾಕೆ ಹೇಳ್ಲಿಲ್ಲ ಸಾಬ್ರೇ?’

‘ಹೇಳಿದ್ರೆ ನಂಬ್ತಿದ್ರಾ?’ ಎಂದರು. ಆಮೇಲೆ ಕತ್ತರಿ ಕೆಳಗಿಟ್ಟರು. ‘ಇದನ್ನ ನನಗ್ಯಾಕೆ ಹೇಳ್ತೀರ, ನನಗೆ ಗೊತ್ತಿರೋದೇ. ಗೊತ್ತಿಲ್ದೋರಿಗೆ ಹೇಳಿ.’

ಪರವಾಗಿಲ್ಲ ಎನ್ನಲಿಲ್ಲ. ಟೀ ಕುಡಿಯಿರಿ ಎನ್ನಲಿಲ್ಲ. ಅದು ಸರಿಯೂ ಆಗಿತ್ತು.

ಅದಕ್ಕೇ ಇಂದು ಹದಿನಾಲ್ಕು ಹೆಂಗಸರ ಮುಂದೆ, ಜೇನುಪೆಟ್ಟಿಗೆಯ ಚೌಕಟ್ಟು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. ಡೈರಿಯ ಅಧ್ಯಕ್ಷ ಮುನಿರಾಜುವೇ. ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು ಒಳಗೆ ಬಂದ.

‘ಏನತ್ತಿಗೆ, ಮನೆ ಮಾನ ಬೀದಿಗೆ ಹಾಕ್ತಿದ್ದೀರಲ್ಲ?’

‘ಬೀದಿಗೆ ಹಾಕಿದ್ದು ಆವತ್ತೇ ಕಣಪ್ಪಾ, ಪಾಷಾ ಸಾಬ್ರ ಮಾನ. ಇವತ್ತು ನಂದು ಹಾಕ್ತಿದ್ದೀನಿ. ನೀನು ನಿಂತು ನೋಡು.’

‘ಇನ್ಮೇಲೆ ಈ ರೂಮು ಸಿಗಲ್ಲ ನಿಮಗೆ.’

‘ಬೇಡ ಬಿಡು. ನಮ್ಮ ಹೊಂಗೆ ಮರದಡಿ ನೆರಳೈತೆ.’

ಹಿಂದಿನ ಸಾಲಿನಲ್ಲಿದ್ದ ಒಬ್ಬಳು, ಚುರುಕಾದವಳು, ಪುಸ್ತಕ ಮುಚ್ಚಿ ಕೇಳಿದಳು: ‘ಹಂಗಾದ್ರೆ ಅಕ್ಕಾ, ನೀವು ಹೇಳ್ಕೊಟ್ಟಿರೋದ್ರಲ್ಲಿ ಇನ್ನೆಷ್ಟು ಸುಳ್ಳೈತೆ?’ ಒಂದಿಬ್ಬರು ನಕ್ಕರು. ನನಗೂ ನಗು ಬಂತು. ಇದೊಂದೇ ಎಂದೆ, ಆದರೆ ನನ್ನ ಮಾತು ನಂಬಬೇಡಿ, ಪೆಟ್ಟಿಗೆ ತೆಗೆದು ನೀವೇ ನೋಡಿ ಎಂದೆ. ಐದು ಮಂದಿ ಎದ್ದು ಹೋದರು. ಒಂಬತ್ತು ಮಂದಿ ಮರದಡಿಗೆ ಬಂದರು. ಅವರಿಗೆ ತಂತಿಬಲೆ ಕತ್ತರಿಸಿ ಬಾಗಿಲಿಗೆ ಕೂರಿಸುವುದನ್ನು ತೋರಿಸಿದೆ, ಪ್ರತಿಯೊಬ್ಬಳ ಕೈಯಲ್ಲೂ ಮಾಡಿಸಿದೆ. ಸಂಜೆ, ಹಳಬರೆಲ್ಲ ಇರುವ ಫೋನಿನ ಗುಂಪಿನಲ್ಲಿ ಇದೇ ಮಾತನ್ನು ನನ್ನ ದನಿಯಲ್ಲೇ ಹಾಕಿದೆ, ಪಾಷಾ ಸಾಬ್ರ ಪೂರ್ತಿ ಹೆಸರು ಹೇಳಿ. ಅವರಿಗೂ ಕಳಿಸಿದೆ. ಕೇಳಿದ ಗುರುತು ಬಂದಿದೆ, ಉತ್ತರ ಬಂದಿಲ್ಲ. ಕೊಡಬೇಕಾದ್ದೂ ಇಲ್ಲ.

ಕಿತ್ತ ಗುಲಾಬಿ ತೋಟ ಇದರಿಂದ ಚಿಗುರುವುದಿಲ್ಲ, ನನಗೆ ಗೊತ್ತು. ಇನ್ನು ಮುಂದೆ ಮೊದಲ ದಿನದ ಮೊದಲ ಪಾಠ ಇದೇ. ಕೇಳಿ ಎದ್ದು ಹೋಗುವವರು ಹೋಗಲಿ. ನಾನು ಜೇನು ಬಿಡುವುದಿಲ್ಲ, ಪಾಠ ಬಿಡುವುದಿಲ್ಲ, ಹೇಳುವುದನ್ನೂ ಬಿಡುವುದಿಲ್ಲ.

ಊಟಕ್ಕೆ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ. ನಮ್ಮ ಯಜಮಾನರು ನನ್ನ ಕಡೆ ನೋಡದೆ ಉಂಡರು. ಎರಡನೇ ಮುದ್ದೆಗೆ ಮಾತ್ರ ತಟ್ಟೆ ಮುಂದೆ ಸರಿಸಿದರು. ಮೊದಲು ಮಲಗಿದ್ದು ಅವರು. ನಾನು ಇದನ್ನು ಬರೆಯಲು ಕೂತೆ.